ಯಾಶ್‌ಚಿಲಾನ್‌ಗೆ ಒಂದೇ ದಿನದಲ್ಲಿ ಹೋಗಿ ಬರಬಹುದಾ?

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೀವಿ, ಡಿಸೆಂಬರ್ ರಜಕ್ಕೆ ಮೆಕ್ಸಿಕೋ ಪ್ಲಾನ್. ಪಾಲೆಂಕೆ ನೋಡೋದು ಫಿಕ್ಸ್. ಅಲ್ಲಿಂದ ಮುಂದೆ ಕಾಡೊಳಗೆ ಯಾಶ್‌ಚಿಲಾನ್ ಅಂತ ಹಳೇ ಮಾಯಾ ನಾಗರಿಕತೆಯ ಇನ್ನೊಂದು ಪಾಳು ಊರಿದೆಯಂತೆ, ರಸ್ತೆನೇ ಇಲ್ಲ, ಬೋಟಲ್ಲೇ ಹೋಗ್ಬೇಕಂತೆ. ಒಂದೇ ದಿನದಲ್ಲಿ ಆಗುತ್ತಾ?

ಉತ್ತರ: ಆಗುತ್ತೆ. ಬೆಳಗಿನ ಜಾವ ಪಾಲೆಂಕೆ ಬಿಡೋ ಟೂರ್ ವ್ಯಾನ್‌ಗಳು ಮಾಡೋದೇ ಅದು, ಅದ್ರಲ್ಲೂ ಬೊನಾಂಪಾಕ್ ಅನ್ನೋ ಮತ್ತೊಂದು ಮಾಯಾ ಜಾಗಾನೂ ಅದೇ ದಿನಕ್ಕೆ ತುರುಕಿರ್ತಾರೆ. ಆದ್ರೆ ನನ್ನ ಕೇಳಿದ್ರೆ ಒಂದು ರಾತ್ರಿ ಬೋಟ್ ಹೊರಡೋ ಊರು ಫ್ರೊಂತೆರಾ ಕೊರೊಸಾಲ್‌ನಲ್ಲಿ ಉಳ್ಕೊಳ್ಳಿ ಅಂತೀನಿ.

ಲೆಕ್ಕ ನೋಡಿ, ಪಾಲೆಂಕೆಯಿಂದ ಕೊರೊಸಾಲ್‌ಗೆ ರಸ್ತೆಲಿ ಎರಡೂವರೆ ಮೂರು ಗಂಟೆ. ಅಲ್ಲಿಂದ ಉಸುಮಸಿಂತಾ ನದಿ, ಈ ದಡ ಮೆಕ್ಸಿಕೋ ಆ ದಡ ಗ್ವಾಟೆಮಾಲಾ. ಉದ್ದಕ್ಕೆ ಸಣ್ಣಗಿರೋ ಮೋಟಾರ್ ಬೋಟು, ಅಲ್ಲಿ ಲಾಂಚಾ ಅಂತಾರೆ, ನಡೆಸೋರು ಹೆಚ್ಚಾಗಿ ಆ ಊರಿನ ಚೋಲ್ ಮಾಯಾ ಜನಾನೇ. ಹೋಗೋವಾಗ ಹರಿವಿನ ಜೊತೆ ಹೋಗೋದ್ರಿಂದ ಮುಕ್ಕಾಲು ಗಂಟೆ ಒಂದು ಗಂಟೆಲಿ ಮುಟ್ತೀರ, ಬರೋವಾಗ ನೀರಿಗೆ ಎದುರಾಗಿ ಬರಬೇಕು, ಟೈಮ್ ಜಾಸ್ತಿ ಹಿಡಿಯುತ್ತೆ. ಬಾಡಿಗೆ ಬೋಟಿಗೆ ಇಷ್ಟು ಅಂತ, ಅದಕ್ಕೇ ನಾಲ್ಕು ಜನ ಜೊತೆಯಾದ್ರೆ ಜೇಬಿಗೆ ಹಗುರ.

ಇನ್ನು ಈ ನದಿ ಬರೀ ದಾರಿ ಅನ್ಕೋಬೇಡಿ, ಊರು ಹುಟ್ಟಿದ್ದೇ ಅದ್ರಿಂದ. ನದಿ ಕುದುರೆ ಲಾಳದ ಥರ ಸುತ್ಕೊಂಡು ಬರೋ ಜಾಗದಲ್ಲಿ, ಮೂರು ಕಡೆ ನೀರಿರೋ ಕಡೆ ಕಟ್ಟಿದಾರೆ, ಅಂದ್ರೆ ಮೇಲೆ ಕೆಳಗೆ ಓಡಾಡೋ ದೋಣಿ ಎಲ್ಲಾ ರಾಜನ ಕಣ್ಣ ಮುಂದೇನೇ ಹೋಗ್ಬೇಕು.

ಇಳಿದು ಕಾಡಲ್ಲಿ ಸ್ವಲ್ಪ ನಡೆದ್ರೆ ಲಾಬೆರಿಂತೋ ಅನ್ನೋ ಕಟ್ಟಡ ಸಿಗುತ್ತೆ, ಒಳಗೆ ಕಗ್ಗತ್ತಲೆ, ತಲೆ ಮೇಲೆ ಬಾವಲಿ, ಟಾರ್ಚ್ ಮರೀಬೇಡಿ. ಆ ಕಡೆ ಹೊರಗೆ ಬಂದ್ರೆ ದೊಡ್ಡ ಬಯಲು. ದೂರದಲ್ಲಿ ಹುಲಿ ಗರ್ಜನೆ ಥರ ಕೇಳಿದ್ರೆ ಗಾಬರಿ ಬೇಡ, ಹೌಲರ್ ಕೋತಿ.

ಈ ಊರಿನ ನಿಜವಾದ ಆಸ್ತಿ ಲಿಂಟಲ್‌ಗಳು. ಹೌದು, ಮನೆ ಕಟ್ಟೋವಾಗ ಮೇಸ್ತ್ರಿ ಹೇಳೋ ಅದೇ ಲಿಂಟಲ್, ಬಾಗಿಲ ಮೇಲಿನ ಅಡ್ಡಗಲ್ಲು. ಇವ್ರು ಕೆತ್ತಿರೋದು ಹೆಚ್ಚಾಗಿ ಅದ್ರ ಅಡಿಭಾಗದಲ್ಲಿ, ಹಾಗಾಗಿ ಬಾಗಿಲಲ್ಲಿ ನಿಂತು ಕತ್ತು ಮೇಲೆತ್ತದೇ ಹೋದ್ರೆ ಏನೂ ಕಾಣಲ್ಲ, ಎಷ್ಟೋ ಜನ ಹಾಗೇ ದಾಟಿ ಹೋಗ್ತಾರೆ. ಎಲ್ಲಕ್ಕಿಂತ ಫೇಮಸ್ಸು 24ನೇ ಲಿಂಟಲ್, ಕ್ರಿ.ಶ. 709ರ ಪೂಜೆಯ ಚಿತ್ರ, ರಾಜ ಪಂಜು ಹಿಡಿದು ನಿಂತಿದಾನೆ, ರಾಣಿ ಕಬಲ್ ಶೋಕ್ ಮುಳ್ಳಿನ ಹಗ್ಗನ ತನ್ನ ನಾಲಿಗೆಯೊಳಗಿಂದ ಎಳೀತಿದಾಳೆ. ಜಾತ್ರೆಲಿ ಬಾಯಿಬೀಗ ನೋಡಿರೋರಿಗೆ ಇದು ತೀರಾ ಹೊಸದು ಅನ್ನಿಸಲ್ಲ, ಆದ್ರೆ ಇಲ್ಲಿ ರಕ್ತ ಕೊಡ್ತಿರೋದು ಪಟ್ಟದ ರಾಣಿ. ಬೇಜಾರಂದ್ರೆ ಅದು ಈಗ ಅಲ್ಲಿಲ್ಲ, ಲಂಡನ್‌ನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, 1882ರಲ್ಲಿ ಬಂದಿದ್ದ ಇಂಗ್ಲಿಷ್ ಸಂಶೋಧಕ ಮಾಡ್‌ಸ್ಲೇ ಸಾಗಿಸಿದ್ದು.

ಆದ್ರೂ ಅಲ್ಲೇ ಉಳಿದಿರೋದು ಕಮ್ಮಿ ಇಲ್ಲ. ಕಡಿದಾದ ಮೆಟ್ಲು ಹತ್ತಿ 33ನೇ ಕಟ್ಟಡಕ್ಕೆ ಹೋಗಿ, ಮೂರು ಬಾಗಿಲಿಗೂ ಲಿಂಟಲ್ ಹಾಗೇ ಇದೆ. ಒಳಗೆ 752ರಲ್ಲಿ ಪಟ್ಟಕ್ಕೆ ಬಂದ ಬರ್ಡ್ ಜಾಗ್ವಾರ್ ರಾಜನ ಮೂರ್ತಿ, ತಲೆ ಮಾತ್ರ ಕಿತ್ತು ಬಿದ್ದಿದೆ. ತಲೆ ಮತ್ತೆ ಮೈಗೆ ಸೇರಿದ ದಿನ ಪ್ರಳಯ ಅಂತ ಅಲ್ಲಿನ ಲಕಾಂದೋನ್ ಜನ ಹೇಳ್ತಾರೆ.

ಈಗ ತಾಪತ್ರಯದ ವಿಷ್ಯ. 2024ರಲ್ಲಿ ಆ ಗಡಿಭಾಗದಲ್ಲಿ ಗ್ಯಾಂಗ್‌ಗಳ ಗಲಾಟೆಯಿಂದ ಟೂರ್‌ಗಳೇ ನಿಂತಿದ್ವು, ಅದಕ್ಕೆ ಟಿಕೆಟ್ ಮಾಡಿಸೋ ಮುಂಚೆ ಈಗ ಓಪನ್ ಇದೆಯಾ, ದಾರಿ ಹೇಗಿದೆ ಅಂತ ಪಾಲೆಂಕೆಯಲ್ಲಿ ವಿಚಾರಿಸಿ. ನಿಮ್ಮ ಹತ್ರ ಅಮೆರಿಕದ ಚಾಲ್ತಿ ವೀಸಾ ಸ್ಟಾಂಪ್ ಇದ್ರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ, ಆದ್ರೆ ಎಚ್-1ಬಿ ಅಪ್ರೂವಲ್ ಪೇಪರ್ ಒಂದೇ ಇಟ್ಕೊಂಡು ಹೊರಡ್ಬೇಡಿ. ಗಡಿ ರಸ್ತೆಲಿ ಚೆಕಿಂಗ್ ಇರುತ್ತೆ, ಒರಿಜಿನಲ್ ಪಾಸ್‌ಪೋರ್ಟ್ ಕೈಲಿರ್ಲಿ. ಕ್ಯಾಶ್, ನೀರು, ಸೊಳ್ಳೆ ಕ್ರೀಮು ಕೂಡ.

ಇನ್ನೊಂದು, ಬೋಟಿನವರು ಸಾಮಾನ್ಯವಾಗಿ ಎರಡು ಗಂಟೆ ಕಾಯ್ತಾರೆ, 33ನೇ ಕಟ್ಟಡ ಹತ್ತಿ ಇಳಿಯೋದ್ರಲ್ಲೇ ಅದು ಮುಗಿಯುತ್ತೆ. ಬೋಟ್ ಹತ್ತೋ ಮುಂಚೆನೇ ಮೂರು ಗಂಟೆ ಕಾಯ್ಬೇಕು ಅಂತ ಮಾತಾಡ್ಕೊಂಡು ಹೊರಡಿ.