ಎಲ್‌ಎಲ್‌ಬಿ ಓದಿಲ್ಲ, ಬಡವರ ಕೇಸಿಗೆ ನಾನೇನು ಮಾಡಬಲ್ಲೆ?

ಪ್ರಶ್ನೆ: ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ ಹೋದ ವರ್ಷ ರಿಟೈರ್ ಆದೆ. ಕಾನೂನು ಓದಿಲ್ಲ. ದುಡ್ಡಿಲ್ಲದವರು ಕೋರ್ಟು, ಸ್ಟೇಷನ್ನು ಅಂತ ಅಲೆಯುವುದನ್ನು ನೋಡಿದರೆ ಏನಾದರೂ ಮಾಡಬೇಕು ಅನಿಸುತ್ತದೆ. ವಕೀಲರಲ್ಲದವರು ಉಚಿತ ಕಾನೂನು ನೆರವಿನ ಕೆಲಸಕ್ಕೆ ಸೇರಬಹುದಾ? ನನ್ನ ಹೆಂಡತಿ ಮಾತ್ರ "ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ. ನಿಮಗ್ಯಾಕೆ ಆ ಸಹವಾಸ?" ಅಂತಾಳೆ.

ಉತ್ತರ: ಸೇರಬಹುದು. ಮೂವತ್ತೆರಡು ವರ್ಷ ಜನರಿಂದ ಫಾರಂ ತುಂಬಿಸಿದವರು ನೀವು, ಈ ಕೆಲಸಕ್ಕೆ ಅರ್ಧ ತಯಾರಾಗಿಯೇ ಇದ್ದೀರಿ.

ನಾನೂ ವಕೀಲನಲ್ಲ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದವನು. ರಿಟೈರ್ ಆದ ಮೇಲೆ ಪಿಎಲ್‌ವಿ ಆದೆ. ಪೂರ್ತಿ ಹೆಸರು ಪ್ಯಾರಾ ಲೀಗಲ್ ವಾಲಂಟಿಯರ್. ಕನ್ನಡದಲ್ಲಿ ಅರೆ ಕಾನೂನು ಸ್ವಯಂಸೇವಕ ಅಂತಾರೆ. ಕೆಲವು ಪ್ರಕಟಣೆಗಳಲ್ಲಿ ಇದು 'ಅರೆಕಾಲಿಕ' ಆಗಿಬಿಟ್ಟಿರುತ್ತದೆ. ಅದನ್ನು ಓದಿ ಪಾರ್ಟ್ ಟೈಮ್ ನೌಕರಿ ಅಂದುಕೊಂಡು, "ಸಂಬಳ ಎಷ್ಟು ಸಾರ್?" ಅಂತ ಕೇಳಿಕೊಂಡು ಬರುವವರೂ ಇದ್ದಾರೆ. ಸಂಬಳ ಇಲ್ಲ. ಕೆಲಸಕ್ಕೆ ಹಾಕಿದ ದಿನಕ್ಕೆ ಒಂದಿಷ್ಟು ಗೌರವಧನ, ಅಷ್ಟೇ.

ಇದರ ಹಿನ್ನೆಲೆ ಎರಡು ಮಾತಿನಲ್ಲಿ ಹೇಳುತ್ತೇನೆ. ದುಡ್ಡಿಲ್ಲ ಅನ್ನುವ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಅಂತ ಸಂವಿಧಾನದ 39ಎ ವಿಧಿ ಹೇಳುತ್ತದೆ. 1976ರ ತಿದ್ದುಪಡಿಯಲ್ಲಿ ಸೇರಿದ್ದು. ಅದನ್ನು ಜಾರಿಗೆ ತರಲು 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಮಾಡಿದರು. ಜಾರಿಗೆ ಬಂದದ್ದು ಮಾತ್ರ 1995ರ ನವೆಂಬರ್ 9ಕ್ಕೆ. ಎಂಟು ವರ್ಷ ಕಪಾಟಿನಲ್ಲಿತ್ತು ಅನ್ನಿ. ಆ ಕಾಯ್ದೆಯಡಿ ದೆಹಲಿಯಲ್ಲಿ ನಾಲ್ಸಾ ಅನ್ನುವ ರಾಷ್ಟ್ರೀಯ ಪ್ರಾಧಿಕಾರ, ಬೆಂಗಳೂರಿನಲ್ಲಿ ರಾಜ್ಯ ಪ್ರಾಧಿಕಾರ, ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ಪ್ರಾಧಿಕಾರ, ತಾಲ್ಲೂಕಿನಲ್ಲಿ ಒಂದು ಸಮಿತಿ. ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು. ವಕೀಲರು ಇದ್ದರೂ ಜನ ಅವರ ತನಕ ಬರುತ್ತಿಲ್ಲ ಅಂತ ಗೊತ್ತಾದ ಮೇಲೆ, 2009ರಲ್ಲಿ ನಾಲ್ಸಾ ಈ ಸ್ವಯಂಸೇವಕರ ಯೋಜನೆ ತಂದಿತು. ಮಧ್ಯದ ಆ ದಾರಿಯಲ್ಲಿ ಕೈಹಿಡಿದು ಕರೆತರುವವರು ನಾವು.

ಕೆಲಸ ಹೇಗಿರುತ್ತದೆ ಅಂತ ಒಂದು ಬೆಳಗ್ಗೆಯ ಕತೆ ಹೇಳಿದರೆ ಬೇಗ ಅರ್ಥವಾಗುತ್ತದೆ.

ಜಿಲ್ಲಾ ಕೋರ್ಟಿನ ಆವರಣದಲ್ಲಿ ಪ್ರಾಧಿಕಾರದ ಫ್ರಂಟ್ ಆಫೀಸ್ ಅಂತ ಒಂದು ಕೋಣೆ. ಮೇಜು, ನಾಲ್ಕು ಕುರ್ಚಿ, ಒಂದು ರಿಜಿಸ್ಟರ್. ಅರವತ್ತರ ಹತ್ತಿರದ ಹೆಂಗಸೊಬ್ಬರು ಬಾಗಿಲಲ್ಲೇ ನಿಂತಿದ್ದರು. ಒಳಗೆ ಬನ್ನಿ ಅಂದರೆ ಚಪ್ಪಲಿ ಬಿಟ್ಟು ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ಅದರೊಳಗೆ ಅವರ ಇಡೀ ಸಂಸಾರ. ರೇಷನ್ ಕಾರ್ಡು, ಗ್ಯಾಸ್ ಪುಸ್ತಕ, ಗಂಡನ ಮರಣ ಪತ್ರ, ಮೂರು ಬೇರೆ ಬೇರೆ ವರ್ಷದ ಪಹಣಿ. ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಕೊನೆಗೆ, ಕವರಿನ ತಳದಲ್ಲಿ, ನಾಲ್ಕು ಮಡಿಕೆ ಮಡಿಸಿದ ಒಂದು ಕಾಗದ. ಸಿವಿಲ್ ಕೋರ್ಟಿನ ಸಮನ್ಸ್. ಮೈದುನ ಭಾಗದ ದಾವೆ ಹಾಕಿದ್ದ. ತಾರೀಖು ನೋಡಿದೆ. ನಾಡಿದ್ದು.

"ನಾನು ಇಸ್ಕೊಳ್ಳಲ್ಲ ಅಂದೆ ಮೇಷ್ಟ್ರೇ, ಅಮೀನ ಬಲವಂತವಾಗಿ ಕೊಟ್ಟು ಹೋದ. ನನ್ನನ್ನ ಪೊಲೀಸರು ಕರ್ಕೊಂಡು ಹೋಗ್ತಾರಾ?"

"ಇಲ್ಲಮ್ಮ. ಇದು ಜಮೀನಿನ ಕೇಸು. ಪೊಲೀಸರಿಗೂ ಇದಕ್ಕೂ ಸಂಬಂಧ ಇಲ್ಲ. ಇಂಥ ದಿನ ಬಂದು ನಿಮ್ಮ ಮಾತು ಹೇಳಿ ಅಂತ ಕರೆದಿದ್ದಾರೆ, ಅಷ್ಟೇ."

ಹದಿನೈದು ದಿನ ಅವರು ಸರಿಯಾಗಿ ನಿದ್ದೆ ಮಾಡಿರಲಿಲ್ಲವಂತೆ.

ಆಮೇಲೆ ಮಾಡಿದ್ದು ಇಷ್ಟು. ಅರ್ಜಿ ತುಂಬಿಸಿದೆ. ಆದಾಯ ಎಷ್ಟು ಅಂತ ಕೇಳುವ ಅಗತ್ಯವೇ ಇರಲಿಲ್ಲ. ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ, ಮಾನವ ಸಾಗಣೆಗೆ ಸಿಕ್ಕಿದವರಿಗೆ, ನೆರೆ ಬರ ಭೂಕಂಪದಲ್ಲಿ ನೊಂದವರಿಗೆ, ಕಸ್ಟಡಿಯಲ್ಲಿ ಇರುವವರಿಗೆ ಆದಾಯದ ಮಿತಿ ಅನ್ವಯಿಸುವುದಿಲ್ಲ. ಉಳಿದವರಿಗೆ ಮಾತ್ರ ರಾಜ್ಯ ಗೊತ್ತು ಮಾಡಿದ ಮಿತಿ ಇದೆ. ಅದಕ್ಕೂ ಸಾಮಾನ್ಯವಾಗಿ ಒಂದು ಅಫಿಡವಿಟ್ ಸಾಕು. ಪಹಣಿಗಳನ್ನು ವರ್ಷದ ಪ್ರಕಾರ ಜೋಡಿಸಿ ಜೆರಾಕ್ಸ್ ಮಾಡಿಸಿದೆ. ಪ್ರಾಧಿಕಾರದವರು ತಮ್ಮ ಪ್ಯಾನೆಲ್ಲಿನ, ಅಂದರೆ ತಮ್ಮ ಪಟ್ಟಿಯಲ್ಲಿರುವ, ಒಬ್ಬ ವಕೀಲರನ್ನು ನೇಮಿಸಿದರು. ವಕಾಲತ್ತಿಗೆ ಸಹಿ ಎಲ್ಲಿ ಹಾಕಬೇಕು ಅಂತ ತೋರಿಸಿದೆ. ಕೋರ್ಟ್ ಹಾಲ್ ಯಾವುದು, ಎಷ್ಟು ಗಂಟೆಗೆ ಬರಬೇಕು, ಯಾವ ಬಸ್ಸು ಅಂತ ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. "ಫೀಸು?" ಅಂದರು. ಇಲ್ಲ ಅಂದರೆ ನಂಬಲಿಲ್ಲ. ಸೆರಗಿನ ಗಂಟು ಬಿಚ್ಚೋಕೆ ಹೊರಟರು.

ಒಂದು ಗಂಟೆಯಲ್ಲಿ ನಾನು ಆಡಿದ ಕಾನೂನಿನ ಮಾತು ಎಷ್ಟು ಹೇಳಿ? ಹತ್ತು ವಾಕ್ಯ ಇರಲಾರದು. ಉಳಿದದ್ದೆಲ್ಲ ಕಾಗದ ಓದಿದ್ದು, ಜೋಡಿಸಿದ್ದು, ಹೆದರಿಕೆ ಇಳಿಸಿದ್ದು. ಬಡವರು ಕೇಸು ಸೋಲುವುದು ಎಷ್ಟೋ ಸಲ ವಾದದಲ್ಲಲ್ಲ. ಕಾಗದ ಅರ್ಥವಾಗದೆ, ತಾರೀಖು ತಪ್ಪಿ, ಯಾರನ್ನು ಕೇಳಬೇಕು ಅಂತ ತಿಳಿಯದೆ ಸೋಲುತ್ತಾರೆ. ಆ ಜಾಗದಲ್ಲಿ ಎಲ್‌ಎಲ್‌ಬಿ ಬೇಕಾಗಿಲ್ಲ, ಅಲ್ವಾ?

ಹಾಗಂತ ಎಲ್ಲಿ ನಿಲ್ಲಬೇಕು ಅಂತಲೂ ಗೊತ್ತಿರಬೇಕು. ಕೋರ್ಟಿನಲ್ಲಿ ವಾದ ಮಾಡುವುದು, ವಕೀಲರಂತೆ ಕೇಸು ನಡೆಸುವುದು ನಮ್ಮ ಕೆಲಸವಲ್ಲ. ವಕೀಲರಲ್ಲದವರು ವಕೀಲಿ ಮಾಡಿದರೆ ಆರು ತಿಂಗಳವರೆಗೆ ಜೈಲು ಅಂತ ವಕೀಲರ ಕಾಯ್ದೆಯ 45ನೇ ಕಲಮಿನಲ್ಲೇ ಇದೆ. ಆದರೆ ನಿಜವಾದ ಅಪಾಯ ಕೋರ್ಟ್ ಹಾಲಿನಲ್ಲಿ ಇಲ್ಲ, ಟೀ ಅಂಗಡಿಯ ಬೆಂಚಿನ ಮೇಲೆ ಇದೆ. ಜನ ನಮ್ಮನ್ನು ನಂಬುತ್ತಾರೆ. ನಾವು ಸುಮ್ನೆ ಆಡಿದ ಮಾತನ್ನೂ ತೀರ್ಪು ಅಂದುಕೊಳ್ಳುತ್ತಾರೆ.

ಇದನ್ನು ಕಲಿಯೋಕೆ ನಾನು ಒಂದು ತಪ್ಪು ಮಾಡಬೇಕಾಯಿತು. ಸೇರಿದ ಹೊಸತು. ಕೈಸಾಲದ ಕೇಸೊಂದರಲ್ಲಿ ಸಮನ್ಸ್ ಬಂದಿದ್ದ ಒಬ್ಬ ಹಮಾಲಿ ಕೇಳಿದ. "ಸಾಲ ಕೊಟ್ಟೋರ ಜೊತೆ ರಾಜಿ ಮಾತು ನಡೀತಿದೆ ಮೇಷ್ಟ್ರೇ. ನಾಳೆ ಕೋರ್ಟಿಗೆ ಹೋಗದಿದ್ರೆ ನಡೆಯುತ್ತಾ? ಒಂದು ದಿನದ ಕೂಲಿ ಹೋಗುತ್ತೆ." ರಾಜಿ ಆಗುತ್ತಿದೆಯಲ್ಲ ಅಂತ ನಾನು "ಪರವಾಗಿಲ್ಲ ಬಿಡಪ್ಪ" ಅಂದುಬಿಟ್ಟೆ. ರಾಜಿ ಮುರಿಯಿತು. ಕೇಸು ಎಕ್ಸ್‌ಪಾರ್ಟಿ ಆಯಿತು. ಅವನ ಮಾತೇ ಕೇಳದೆ ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಆಗಿಹೋಯಿತು. ಡಿಕ್ರಿ ರದ್ದು ಮಾಡಿ ಅಂತ ಅರ್ಜಿ ಹಾಕೋಕೆ ಮೂವತ್ತು ದಿನ ಮಾತ್ರ. ಅಷ್ಟರೊಳಗೆ ಪ್ಯಾನೆಲ್ ವಕೀಲರು ಅರ್ಜಿ ಹಾಕಿ ಉಳಿಸಿದರು. ಆ ವಕೀಲರು ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗ ಇಂಥ ಪ್ರಶ್ನೆ ಬಂದರೆ ನನ್ನ ಬಾಯಲ್ಲಿ ಬರುವುದು ಒಂದೇ: "ತಾರೀಖಿಗೆ ಹೋಗಿ. ಉಳಿದದ್ದು ವಕೀಲರನ್ನು ಕೇಳೋಣ."

ಫ್ರಂಟ್ ಆಫೀಸಿನ ಮೇಜು ಒಂದು ಭಾಗ ಅಷ್ಟೇ. ಹಳ್ಳಿಗಳಲ್ಲಿ ಕಾನೂನು ಅರಿವು ಶಿಬಿರ ಇರುತ್ತದೆ. ನಿಜ ಹೇಳಬೇಕಂದರೆ ಶಿಬಿರದ ಭಾಷಣಗಳ ಮೇಲೆ ನನಗೆ ಅಂಥ ನಂಬಿಕೆ ಇಲ್ಲ. ಹಾರ, ಶಾಲು, ಸ್ವಾಗತ ಮುಗಿಯುವಷ್ಟರಲ್ಲಿ ಅರ್ಧ ಜನ ಎದ್ದಿರುತ್ತಾರೆ. ಭಾಷಣ ಮುಗಿದ ಮೇಲೆ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರಲ್ಲ, ಆ ಹತ್ತು ನಿಮಿಷ ಮುಖ್ಯ. "ಮಗ ಮನೆ ಬರೆಸಿಕೊಂಡು ಊಟ ಹಾಕ್ತಿಲ್ಲ" ಅಂತ ಮುದುಕರೊಬ್ಬರು ಹೇಳಿದರೆ, 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಎಸಿ (ಉಪವಿಭಾಗಾಧಿಕಾರಿ) ಸಾಹೇಬರ ಹತ್ತಿರ ಅರ್ಜಿ ಕೊಡಬಹುದು ಅಂತ ತಿಳಿಸಿ, ಆ ಕಚೇರಿಗೆ ಜೊತೆಗೆ ಹೋಗುವುದು ನಮ್ಮ ಕೈಲಾಗುವ ಕೆಲಸ.

ಪೊಲೀಸ್ ಸ್ಟೇಷನ್ನಿಗೂ ಹಾಕುತ್ತಾರೆ. ಕಾಣೆಯಾದ ಮಕ್ಕಳ ದೂರನ್ನು ಸರಿಯಾಗಿ ದಾಖಲಿಸುತ್ತಾರಾ ಅಂತ ನೋಡಲು ಸ್ಟೇಷನ್ನಿನಲ್ಲಿ ಪಿಎಲ್‌ವಿ ಇರಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಅಲ್ಲಿ ನಿಮ್ಮ ಆಯುಧ ಜೋರು ಬಾಯಿಯಲ್ಲ, ಕೊರಳಿನ ಐಡಿ ಕಾರ್ಡು ಮತ್ತು ಸಣ್ಣ ಸಣ್ಣ ವಿಷಯಗಳ ತಿಳಿವಳಿಕೆ. ಉದಾಹರಣೆಗೆ, ದೂರು ಕೊಟ್ಟವರಿಗೆ ಎಫ್‌ಐಆರ್ ನಕಲು ಪುಕ್ಕಟೆ ಕೊಡಬೇಕು. ಬೇರೆ ಸ್ಟೇಷನ್ನಿನ ವ್ಯಾಪ್ತಿ ಅಂತ ದೂರು ತೆಗೆದುಕೊಳ್ಳದೆ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಬಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಎರಡೂ ಸ್ಪಷ್ಟವಾಗಿ ಇವೆ.

ನನ್ನನ್ನು ಜಾಸ್ತಿ ಹಿಡಿದಿಟ್ಟದ್ದು ಮಾತ್ರ ಜೈಲಿನ ಕೆಲಸ. ಜಾಮೀನು ಸಿಕ್ಕಿಯೂ ಹೊರಗೆ ಬರದವರು ಇರುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಶ್ಯೂರಿಟಿ ಕೊಡುವವರಿಲ್ಲ, ಪಹಣಿ ತಂದು ನಿಲ್ಲುವವರಿಲ್ಲ. ಕೆಲವರ ಮನೆಗೆ ಜಾಮೀನು ಆಗಿದೆ ಅನ್ನುವ ಸುದ್ದಿಯೇ ಹೋಗಿರುವುದಿಲ್ಲ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಕ್ರಮ ಹಾಕಿಕೊಟ್ಟಿತು. ಜಾಮೀನು ಆದೇಶವಾಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಕಾರ್ಯದರ್ಶಿಗಳು ಪಿಎಲ್‌ವಿಯನ್ನೋ ಜೈಲಿಗೆ ಹೋಗುವ ವಕೀಲರನ್ನೋ ಕಳಿಸಬಹುದು. ಹಾಗೆ ಹೋದಾಗ ನಾನು ಮಾಡಿದ್ದು ಎಷ್ಟೋ ಸಲ ಒಂದು ಫೋನು. ಹುಡುಗನಿಗೆ ಅಕ್ಕನ ನಂಬರಿನ ಎಂಟು ಅಂಕಿ ನೆನಪಿತ್ತು, ಕೊನೆಯ ಎರಡು ಇರಲಿಲ್ಲ. ಊರಿನ ಹೆಸರು ಹಿಡಿದು, ಅಲ್ಲಿನ ಆಶಾ ಕಾರ್ಯಕರ್ತೆಯನ್ನು ಹುಡುಕಿ, ಅವರ ಮೂಲಕ ಅಕ್ಕನನ್ನು ಹುಡುಕಿದ್ದಾಯಿತು. ಅಂದಹಾಗೆ, ಜೈಲಿನೊಳಗೂ ಪಿಎಲ್‌ವಿಗಳಿದ್ದಾರೆ. ಓದು ಬರಹ ಬರುವ, ಒಳ್ಳೆಯ ನಡತೆಯ, ದೀರ್ಘ ಶಿಕ್ಷೆಯ ಕೈದಿಗಳನ್ನು ಈ ಕೆಲಸಕ್ಕೆ ತಯಾರು ಮಾಡಲು ಯೋಜನೆಯಲ್ಲೇ ಅವಕಾಶವಿದೆ. ಅರ್ಜಿ ಬರೆಯುವುದರಲ್ಲಿ ಅವರ ಮುಂದೆ ನಾವು ಏನೂ ಅಲ್ಲ.

ಸೇರುವುದು ಹೇಗೆ ಅಂದರೆ, ನಿಮ್ಮ ಜಿಲ್ಲಾ ಕೋರ್ಟಿಗೆ ಹೋಗಿ ಪ್ರಾಧಿಕಾರದ ಕಚೇರಿಯಲ್ಲಿ ಕೇಳಿ. ಆಗಾಗ ಅರ್ಜಿ ಕರೆಯುತ್ತಾರೆ. ಸಾಮಾನ್ಯವಾಗಿ ಹತ್ತನೇ ತರಗತಿ ಓದಿದ್ದರೆ ಸಾಕು. ಮೇಷ್ಟ್ರುಗಳು, ರಿಟೈರ್ ಆದವರು, ಅಂಗನವಾಡಿ ಕಾರ್ಯಕರ್ತೆಯರು, ಸ್ವಸಹಾಯ ಸಂಘದವರು, ಕಾನೂನು ವಿದ್ಯಾರ್ಥಿಗಳು ಎಲ್ಲರೂ ಬರುತ್ತಾರೆ. ತರಬೇತಿ ಅವರೇ ಕೊಡುತ್ತಾರೆ. ರಾಜಕೀಯ ಪಕ್ಷದಲ್ಲಿ ಸಕ್ರಿಯವಾಗಿ ಇರುವವರಿಗೆ ಅವಕಾಶವಿಲ್ಲ, ಕ್ರಿಮಿನಲ್ ಕೇಸಿನ ಆರೋಪಿ ಆದರೂ ಹೆಸರು ತೆಗೆಯುತ್ತಾರೆ. ಸಹಾಯ ಕೇಳಿ ಬಂದ ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಮುಟ್ಟಬಾರದು. ಮನೆಗೆ ತಂದುಕೊಟ್ಟ ತೆಂಗಿನಕಾಯಿಯನ್ನು ಏನು ಮಾಡಬೇಕು ಅಂತ ತರಬೇತಿಯಲ್ಲಿ ಹೇಳಿಕೊಡುವುದಿಲ್ಲ. ನಾನು ವಾಪಸ್ ಕೊಟ್ಟೆ, ಅವರಿಗೆ ಬೇಜಾರಾಯಿತು.

ಸೇರುವ ಮೊದಲೇ ಯಾರಿಗಾದರೂ ಸಹಾಯ ಮಾಡಬೇಕು ಅನಿಸಿದರೆ 15100 ನೆನಪಿಟ್ಟುಕೊಳ್ಳಿ. ನಾಲ್ಸಾದ ಉಚಿತ ಸಹಾಯವಾಣಿ. ನಿಮ್ಮ ಪರಿಚಯದ ವಕೀಲರು ಪುಕ್ಕಟೆ ಕೇಸು ನಡೆಸಲು ಮುಂದೆ ಬಂದರೆ ಅವರಿಗೆ ಕೇಂದ್ರ ನ್ಯಾಯ ಇಲಾಖೆಯ ನ್ಯಾಯಬಂಧು ಆ್ಯಪ್ ಇದೆ, ಪ್ರಾಧಿಕಾರದ ಪ್ಯಾನೆಲ್ಲೂ ಇದೆ.

ಇನ್ನು ನಿಮ್ಮ ಮನೆಯವರ ಗಾದೆ. ಅವರು ಹೇಳುವುದರಲ್ಲಿ ತಪ್ಪೇನಿಲ್ಲ. ಅದಕ್ಕೇ ಲೋಕ ಅದಾಲತ್ ಇರುವುದು. ಇಬ್ಬರೂ ಒಪ್ಪಿ ಅಲ್ಲಿ ರಾಜಿ ಆದರೆ ಅದು ಡಿಕ್ರಿಗೆ ಸಮ, ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಫೀಯೂ ವಾಪಸ್ ಬರುತ್ತದೆ. ಮೊದಲು ಹೇಳಿದ ಆ ಅಮ್ಮ ಮತ್ತು ಮೈದುನನ ಕೇಸು ಅಲ್ಲೇ ಮುಗಿಯಿತು. ಸಹಿ ಹಾಕುವ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದಿದ್ದರು. ಟಿಕೆಟ್ ಯಾರು ತೆಗೆದುಕೊಂಡಿರಿ ಅಂತ ಕೇಳಿದೆ. ಅದಕ್ಕೂ ಜಗಳ ಆಗಿತ್ತಂತೆ.