ರಿಪೋರ್ಟ್ ಬರೆಯುವ ಮೊದಲು ಡೈರಿ ತೆಗೆಯಿರಿ

ಕೊಪ್ಪಳ ಕಡೆಯ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ, ಚಾಟ್‌ಜಿಪಿಟಿಯಂಥ ಎಐ ಬಳಸುವುದರ ಬಗ್ಗೆ ನನ್ನ ಎರಡು ದಿನದ ತರಬೇತಿ ಇತ್ತು. ಮೊದಲ ದಿನ ಟೀ ಮುಗಿಯುವ ಮೊದಲೇ ಒಬ್ಬ ಕೋಆರ್ಡಿನೇಟರ್ ಮೇಡಂ ಮೊಬೈಲ್ ಹಿಡಿದು ಬಂದರು. "ನೋಡ್ರಿ ಸರ್, ನಾ ಆಗ್ಲೇ ಚಾಟ್‌ಜಿಪಿಟಿ ಬಳಸಾಕತ್ತೀನ್ರಿ." ತೋರಿಸಿದ್ದು ತಮ್ಮ ಮಹಿಳಾ ಸಂಘಗಳ ಬಗ್ಗೆ ಎರಡು ಪುಟದ ಇಂಗ್ಲಿಷ್ ರಿಪೋರ್ಟ್. ನೋಡೋಕೆ ಚೆಂದ ಇತ್ತು. ಒಂದು ಕಡೆ 250 ಮಹಿಳೆಯರ ಆದಾಯ ಹೆಚ್ಚಾಗಿದೆ ಅಂತ ಬರೆದಿತ್ತು. ಈ 250 ಎಲ್ಲಿಂದ ಬಂತು ಮೇಡಂ ಅಂದೆ. "ಅದನ್ನ ಅದೇ ಹಾಕೇತ್ರಿ" ಅಂದರು. ಅವರ ಡೈರಿಯಲ್ಲಿ ಇದ್ದದ್ದು 41 ಹೆಸರು.

ಅವರು ಕೇಳಿದ್ದು ಒಂದೇ ಸಾಲು: ಮಹಿಳಾ ಸಬಲೀಕರಣದ ಬಗ್ಗೆ ರಿಪೋರ್ಟ್ ಬರೆದುಕೊಡು. ಪಾಪ, ಅದಾದರೂ ಏನು ಮಾಡೀತು? ಅದಕ್ಕೆ ಇವರ ಊರು ಗೊತ್ತಿಲ್ಲ, ಸಂಘ ಗೊತ್ತಿಲ್ಲ. ಇಂಥ ರಿಪೋರ್ಟುಗಳು ಸಾಮಾನ್ಯವಾಗಿ ಹೇಗಿರುತ್ತವೆ ಅನ್ನೋದು ಮಾತ್ರ ಗೊತ್ತು. ಇಂಥ ಕಡೆ ಒಂದು ಅಂಕಿ ಬರುತ್ತೆ ಅಂತ ಗೊತ್ತು, ಹಾಗಾಗಿ ಒಂದು ಅಂಕಿ ಹಾಕಿತು. ಸುಳ್ಳು ಹೇಳಬೇಕು ಅಂತೇನೂ ಅಲ್ಲ, ಖಾಲಿ ಜಾಗ ತುಂಬಿತು ಅಷ್ಟೇ. ಆದರೆ ಫಂಡರ್, ಅಂದರೆ ಸಂಸ್ಥೆಗೆ ಹಣ ಕೊಡುವವರ, ಕಡೆಯವರು ಬಂದು ಆ 250 ಜನ ಎಲ್ಲಿ ಅಂತ ಕೇಳಿದರೆ ಉತ್ತರ ಕೊಡಬೇಕಾದವರು ಮೇಡಂ.

ಮಧ್ಯಾಹ್ನ ಅದೇ ಕೆಲಸ ಮತ್ತೆ ಮಾಡಿದೆವು. ಈ ಸಲ ಡೈರಿ ತೆಗೆಸಿದೆ. ಮೊಬೈಲಿನ ವಾಯ್ಸ್ ಟೈಪಿಂಗ್ ಕನ್ನಡಕ್ಕೆ ಹಾಕಿ, ಮೂರು ತಿಂಗಳ ಟಿಪ್ಪಣಿಯನ್ನು ಮನುಷ್ಯರ ಹೆಸರು ಬಿಟ್ಟು ಓದಿ ಅಂದೆ. ಅವರ ಮಾತಿನ ಕನ್ನಡ ಅದಕ್ಕೆ ಅಲ್ಲಲ್ಲಿ ಅರ್ಥ ಆಗಲಿಲ್ಲ, 'ಐತಿ', 'ಹೋಗ್ಯಾರ' ಎಲ್ಲ ಏನೇನೋ ಆಯ್ತು, ಐದು ನಿಮಿಷ ಕೂತು ತಿದ್ದಿದೆವು. ಆಮೇಲೆ ಕೆಳಗೆ ಹೀಗೆ ಬರೆಸಿದೆ: "ಇದು ನನ್ನ ಟಿಪ್ಪಣಿ. ಇದರಲ್ಲಿ ಇಲ್ಲದ ಅಂಕಿ, ಹೆಸರು, ಘಟನೆ ಯಾವುದನ್ನೂ ಸೇರಿಸಬೇಡ. ಮಾಹಿತಿ ಸಾಲದಿದ್ದರೆ ನನ್ನನ್ನು ಕೇಳು, ಊಹಿಸಬೇಡ. ಕೇಳಬೇಕಾದ್ದು ಕೇಳಿ ಮುಗಿದ ಮೇಲೆ ಇಂಗ್ಲಿಷ್‌ನಲ್ಲಿ ಬರೆ."

ಅದು ಮೂರು ಪ್ರಶ್ನೆ ಕೇಳಿತು. ಅದರಲ್ಲಿ ಒಂದು: ಏಪ್ರಿಲ್, ಮೇ ತಿಂಗಳ ಸಭೆಗಳು ಯಾಕೆ ನಡೆಯಲಿಲ್ಲ? ಮೇಡಂ ನಕ್ಕರು. "ಎಲ್ಲಾರೂ ಗುಳೆ ಹೋಗಿರ್ತಾರಲ್ರೀ." ನೋಡಿ, ಆ ರಿಪೋರ್ಟಿನ ಜೀವ ಇದ್ದದ್ದೇ ಇಲ್ಲಿ. ಇಡೀ ಊರಿಗೆ ಗೊತ್ತಿರೋ ವಿಷಯ ಅಂತ ಅವರು ಡೈರಿಯಲ್ಲಿ ಬರೆದಿರಲಿಲ್ಲ. ಬೆಂಗಳೂರಲ್ಲಿ ಕೂತ ಫಂಡರ್‌ಗೆ ಅದು ಗೊತ್ತಿಲ್ಲ.

ಆದರೆ ಇಂಗ್ಲಿಷ್‌ಗೆ ಹೋಗುವಾಗ ಅದೇ ಗುಳೆ ಎಡವಿತು. ಕುಟುಂಬಗಳು ಶಾಶ್ವತವಾಗಿ ಊರು ಬಿಟ್ಟು ಹೋಗಿವೆ ಅನ್ನೋ ಅರ್ಥ ಬರುವ ಹಾಗೆ ಬರೆದಿತ್ತು. ಊರು ಬಿಡುವುದು ಬೇರೆ, ಗುಳೆ ಹೋಗಿ ಮಳೆ ಹಿಡಿದಾಗ ವಾಪಸ್ ಬರುವುದು ಬೇರೆ ಅಲ್ವಾ? ಹಾಗೇ ಕಳಿಸಿದ್ದರೆ ಸಂಘ ಮುಚ್ಚಿಹೋಯಿತು ಅಂದುಕೊಳ್ಳುತ್ತಿದ್ದರು. ಇದನ್ನು ಹಿಡಿದದ್ದು ನಾನಲ್ಲ, ಅವರೇ. "ಇದು ತಪ್ಪೈತ್ರಿ, ಜೂನ್‌ನಾಗ ಬರ್ತಾರ್ರೀ ಎಲ್ಲಾರೂ" ಅಂದರು. ಇಂಗ್ಲಿಷ್ ಬರೆಯೋಕೆ ಬರೋದಿಲ್ಲ ಅಂತ ಬೆಳಿಗ್ಗೆಯಿಂದ ಸಂಕೋಚ ಪಡುತ್ತಿದ್ದವರು ಇಂಗ್ಲಿಷ್ ತಪ್ಪನ್ನೇ ಹಿಡಿದರು.

ನನಗೆ ಈ ಕೆಲಸದಲ್ಲಿ ಇಷ್ಟವಾಗೋದು ಇದೇ. ನಮ್ಮ ಸಂಸ್ಥೆಗಳಲ್ಲಿ ಹಳ್ಳಿ ಗೊತ್ತಿರುವವರು ಒಬ್ಬರು, ಅದನ್ನು ಇಂಗ್ಲಿಷ್‌ನಲ್ಲಿ ಬರೆಯುವವರು ಇನ್ನೊಬ್ಬರು, ಹೆಸರು ಮತ್ತು ಸಂಬಳ ಸಾಮಾನ್ಯವಾಗಿ ಎರಡನೆಯವರಿಗೆ ಜಾಸ್ತಿ. ಫೀಲ್ಡ್‌ನವರು ತಾವೇ ರಿಪೋರ್ಟ್ ಬರೆದು, ಮೇಲ್‌ಗೆ ತಾವೇ ಉತ್ತರ ಕೊಡುವ ಹಾಗಾದರೆ ಆಫೀಸಿನೊಳಗೆ ಏನೋ ಒಂದು ಅಲುಗಾಡುತ್ತೆ. ಕೆಲವು ಮುಖ್ಯಸ್ಥರಿಗೆ ಇದು ಹಿಡಿಸೋದಿಲ್ಲ ಅನ್ನೋದನ್ನೂ ನೋಡಿದ್ದೇನೆ.

ಕನ್ನಡದಲ್ಲಿ ಬರೆಸುವುದು ಮಾತ್ರ ಬೇರೆ ಕಥೆ. ಬಸುರಿಯರಿಗೆ ಒಂದು ಕರಪತ್ರ ಮಾಡಿಸಿದೆವು. "ಗರ್ಭಿಣಿಯರ ಆರೋಗ್ಯದಲ್ಲಿ ಪೌಷ್ಟಿಕಾಂಶಯುಕ್ತ ಆಹಾರ ಸೇವನೆಯು ಮಹತ್ವದ ಪಾತ್ರವನ್ನು ವಹಿಸುತ್ತದೆ" ಅಂತ ಶುರುವಾಯಿತು. ಹಿಂದಿನ ಬೆಂಚಿನಲ್ಲಿದ್ದ ಒಬ್ಬರು, ಇದನ್ನು ನಮ್ಮೂರಲ್ಲಿ ಓದಿದರೆ ಜನ ಎದ್ದು ಹೋಗ್ತಾರೆ ಅಂದರು. ನೀವಾದರೆ ಹೇಗೆ ಹೇಳ್ತೀರಿ ಅಂದೆ. "ಬಸುರಿ ಹೆಣ್ಣಮಗಳು ಒಂದ ಹೊತ್ತೂ ಹಸಗೊಂಡು ಇರಬಾರದು." ಅದೇ ಸಾಲನ್ನು ಮೇಲೆ ಹಾಕಿ, ಉಳಿದದ್ದನ್ನೂ ಇದೇ ಥರ ಬರೆ ಅಂದ ಮೇಲೆ ಪರವಾಗಿಲ್ಲ ಅನ್ನೋ ಮಟ್ಟಕ್ಕೆ ಬಂತು.

ಇನ್ನೊಂದು ತೊಡಕು ಹಳೇ ಫೈಲುಗಳದ್ದು. ಹತ್ತು ಹದಿನೈದು ವರ್ಷದ ಕನ್ನಡ ದಾಖಲೆ 'ನುಡಿ' ಅಥವಾ 'ಬರಹ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಕೂತಿರುತ್ತೆ. ಕಾಪಿ ಮಾಡಿ ಎಐಗೆ ಹಾಕಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆ ಮೇಲೆ ಗೀಟಿರುವ ಅಕ್ಷರ ಬರುತ್ತೆ. ಅದು ಕೆಟ್ಟುಹೋದ ಫೈಲ್ ಅಲ್ಲ, ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಕ್ಷರ ಪದ್ಧತಿಯಲ್ಲಿ ಇಲ್ಲ ಅಷ್ಟೇ. ಮೊದಲು ಕನ್ವರ್ಟರ್‌ನಲ್ಲಿ ಯೂನಿಕೋಡ್ ಮಾಡಿಕೊಳ್ಳಿ. ಒತ್ತಕ್ಷರ ಕೆಲವು ಕಡೆ ತಪ್ಪಬಹುದು, ಒಮ್ಮೆ ಓದಿಕೊಳ್ಳಿ.

ಎಐಗೆ ಕಾನೂನಿನ ಪ್ರಶ್ನೆ ಕೇಳುವಾಗ ಜಾಸ್ತಿ ಹುಷಾರು. ಇನ್ನೊಂದು ಸಂಸ್ಥೆಯ ಅಕೌಂಟೆಂಟ್ ಒಬ್ಬರು ವಿದೇಶಿ ದೇಣಿಗೆಯ ಬಜೆಟ್ ಮಾಡುವಾಗ ಆಡಳಿತ ಖರ್ಚಿಗೆ ಎಷ್ಟು ಇಡಬಹುದು ಅಂತ ಕೇಳಿದ್ದರು. ಶೇ 50 ಅಂತ ಬಂತು. ಅದು ಹಳೇ ನಿಯಮ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ (ಎಫ್‌ಸಿಆರ್‌ಎ) ತಿದ್ದುಪಡಿ ಆದಾಗ ಅದನ್ನು ಶೇ 20ಕ್ಕೆ ಇಳಿಸಿದರು. ವಿದೇಶಿ ದೇಣಿಗೆಯ ಹಣವನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವುದನ್ನೂ ಆಗಲೇ ನಿಲ್ಲಿಸಿದರು. ಹಳೇ ನಿಯಮದ ಬಗ್ಗೆ ವರ್ಷಗಟ್ಟಲೆ ಬರೆದದ್ದು ಇನ್ನೂ ಇಂಟರ್ನೆಟ್ಟಿನಲ್ಲಿ ಬಿದ್ದಿದೆ, ಅದನ್ನೂ ಓದಿಕೊಂಡೇ ಇದು ಬೆಳೆದಿದೆ. ಇಂಥದ್ದಕ್ಕೆ ನಿಮ್ಮ ಆಡಿಟರ್‌ಗೆ ಒಂದು ಫೋನ್ ಮಾಡಿ.

ಇನ್ನು ನಾನು ಸ್ವಲ್ಪ ಜೋರು ಮಾಡುವ ಒಂದೇ ವಿಷಯ. ಮಕ್ಕಳ ಜೊತೆ ಕೆಲಸ ಮಾಡುವ ಒಂದು ಕಡೆ, ಒಬ್ಬ ಹುಡುಗ ಕೇಸ್ ಫೈಲನ್ನು ಹಾಗೇ ಅಂಟಿಸಿ "ಸಾರಾಂಶ ಮಾಡು" ಅಂತ ಕೊಟ್ಟಿದ್ದ. ಮಗುವಿನ ಹೆಸರು, ಶಾಲೆ, ಊರು, ಏನಾಯಿತು ಅನ್ನೋದು, ಎಲ್ಲ. ಅವನದ್ದು ಕೆಟ್ಟ ಉದ್ದೇಶ ಅಲ್ಲ, ರಾತ್ರಿ ಹನ್ನೊಂದಾಗಿತ್ತು, ಬೆಳಿಗ್ಗೆ ರಿಪೋರ್ಟ್ ಕೊಡಬೇಕಿತ್ತು. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಮಗುವಿನ ಗುರುತು ಹೊರಹಾಕುವುದನ್ನು ತಡೆಯುತ್ತೆ. 2023ರ ಡೇಟಾ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ. ಕಾನೂನು ಬಿಡಿ, ಆ ಮಗುವಿನ ತಾಯಿ ನಮ್ಮನ್ನು ನಂಬಿ ಮಾತಾಡಿದ್ದು, ನಮ್ಮ ಮೊಬೈಲನ್ನು ನಂಬಿ ಅಲ್ಲ. ಹೆಸರಿದ್ದಲ್ಲಿ 'ಮಗು ಒಂದು' ಅಂತ ಹಾಕಿ, ಊರು ತೆಗೆಯಿರಿ. ಒಂದು ಹಳ್ಳಿಯಲ್ಲಿ ಅಂಥ ಮಗು ಒಂದೇ ಇದ್ದರೆ ಹೆಸರು ತೆಗೆದರೂ ಗುರುತು ಸಿಗುತ್ತೆ, ಅಂಥ ಕೇಸನ್ನು ಕೊಡಲೇಬೇಡಿ. ಚಾಟ್‌ಜಿಪಿಟಿಯ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಕಂಟ್ರೋಲ್ಸ್ ಅಂತ ಇದೆ, ನಮ್ಮ ಮಾತನ್ನು ಎಐಗೆ ಕಲಿಸೋಕೆ ಬಳಸಬೇಡ ಅಂತ ಅಲ್ಲಿ ಆಫ್ ಮಾಡಬಹುದು. ಮಾಡಿ. ಆದರೆ ಆಫ್ ಮಾಡಿದ್ದೇನೆ ಅನ್ನೋ ಧೈರ್ಯದ ಮೇಲೆ ಕೇಸ್ ಫೈಲ್ ಅಂಟಿಸಬೇಡಿ.

ಉಳಿದ ಸಣ್ಣಪುಟ್ಟದ್ದಕ್ಕೆಲ್ಲ ಧಾರಾಳವಾಗಿ ಬಳಸಿ. ಎಕ್ಸೆಲ್‌ನಲ್ಲಿ ಹಾಜರಾತಿ ಕೂಡಿಸುವ ಫಾರ್ಮುಲಾ, ಮೂವತ್ತು ಪುಟದ ಫಂಡಿಂಗ್ ಷರತ್ತಿನಲ್ಲಿ ನಮಗೆ ಏನು ಅನ್ವಯ ಆಗುತ್ತೆ ಅನ್ನೋದು, ಕೋಪ ಬಂದಾಗ ಬರೆದ ಮೇಲನ್ನು ಸ್ವಲ್ಪ ತಣ್ಣಗೆ ಮಾಡುವುದು. ಕೊನೆಯದ್ದನ್ನು ನಾನೇ ವಾರಕ್ಕೆರಡು ಸಲ ಮಾಡುತ್ತೇನೆ.

ಎರಡನೇ ದಿನ ಸಂಜೆ ಮೇಡಂ ಒಂದು ಪ್ರಶ್ನೆ ಕೇಳಿದರು. "ಸರ್, ಎರಡು ದಿನದ ರಿಪೋರ್ಟ್ ಅರ್ಧ ದಿನಕ್ಕ ಆಗ್ತೇತಿ ಅಂತ ಫಂಡರ್‌ನವರಿಗೆ ಗೊತ್ತಾದ್ರ, ತಿಂಗಳಿಗೊಂದು ರಿಪೋರ್ಟ್ ಕೇಳಂಗಿಲ್ಲೇನ್ರಿ?" ಎಲ್ಲರೂ ನಕ್ಕೆವು. ಹೋದ ವಾರ ಫೋನ್ ಮಾಡಿದ್ದರು. ಮೂರು ತಿಂಗಳಿಗೊಮ್ಮೆ ಇದ್ದದ್ದು ಈಗ ಎರಡು ತಿಂಗಳಿಗೊಮ್ಮೆ ಆಗಿದೆಯಂತೆ.