ಶಹಾಬಾದ್ ಕಲ್ಲಿಗಿಂತ ತಣ್ಣಗಿನ ನೆರೆಮನೆ

ಮಾರ್ಚ್ ತಿಂಗಳ ರಾತ್ರಿ ಒಂಬತ್ತರ ಸುಮಾರಿಗೆ ಕಲಬುರಗಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ತಲೆ ಎತ್ತಿ. ಆಶ್ಲೇಷಾ ನಕ್ಷತ್ರದ ಕೆಳಗೆ, ಆಲ್ಫರ್ಡ್ ಎಂಬ ಒಂಟಿ ತಾರೆಯ ಬಲಕ್ಕೆ, ಕಣ್ಣಿಗೆ ಏನೂ ಇಲ್ಲದಂತೆ ಕಾಣುವ ಒಂದು ಜಾಗವಿದೆ. ಅಲ್ಲಿ 7.4 ಜ್ಯೋತಿರ್ವರ್ಷ ದೂರದಲ್ಲಿ ವೈಸ್ 0855 ಎಂಬ ಕಂದು ಕುಬ್ಜವಿದೆ, ಅಂದರೆ ನಕ್ಷತ್ರದಂತೆ ಉರಿಯಲಾರದ ಕಾಯ. ಸೂರ್ಯನಿಗೆ ಇದಕ್ಕಿಂತ ಹತ್ತಿರ ಇರುವುದು ಆಲ್ಫಾ ಸೆಂಟಾರಿ, ಬರ್ನಾರ್ಡ್ ತಾರೆ ಮತ್ತು ಲೂಮನ್ 16 ಎಂಬ ಕಂದು ಕುಬ್ಜಗಳ ಜೋಡಿ ಮಾತ್ರ. ಆದರೂ 2014ರವರೆಗೆ ಇದರ ಸುಳಿವು ಜಗತ್ತಿಗೆ ಇರಲಿಲ್ಲ.

"ಉರಿಯಂಗಿಲ್ಲ ಅಂದಮ್ಯಾಲ ಅದು ನಕ್ಷತ್ರ ಹೆಂಗಾತ್ರಿ ಸರ್?" ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಗುರುಗ್ರಹದ ಸುಮಾರು 75 ಪಟ್ಟಾದರೂ ದ್ರವ್ಯ ಸೇರದ ಹೊರತು ಒಡಲಲ್ಲಿ ಹೈಡ್ರೋಜನ್ ಬೆಸೆಯುವ ಬಿಸಿ ಹುಟ್ಟದು. ಇಂಥ ಕಾಯಗಳು ಇರಲೇಬೇಕೆಂದು ಭಾರತ ಮೂಲದ ಶಿವ್ ಕುಮಾರ್ 1960ರ ದಶಕದ ಆರಂಭದಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಖಚಿತವಾಗಿ ಸಿಕ್ಕದ್ದು 1995ರಲ್ಲಿ. ಹುಟ್ಟಿದಾಗಿನ ಬಿಸಿಯನ್ನೇ ಕಳೆದುಕೊಳ್ಳುತ್ತ ಅವು ತಣ್ಣಗಾಗುತ್ತ ಹೋಗುತ್ತವೆ.

ಮೇ ತಿಂಗಳಲ್ಲಿ ನಮ್ಮ ಮಾಳಿಗೆಯ ಶಹಾಬಾದ್ ಕಲ್ಲು ನಡುರಾತ್ರಿಯಾದರೂ ಝಳ ಬಿಡುತ್ತದೆ. ಕಣ್ಣಿಗೆ ಕಾಣದು, ಮೈಗೆ ತಾಗುತ್ತದೆ. ಅದು ಅವಕೆಂಪು ಕಿರಣ. ವೈಸ್ 0855 ಬೀರುವುದೂ ಅದನ್ನೇ, ಆದರೆ ಅದು ಆ ಕಲ್ಲಿಗಿಂತ ಎಷ್ಟೋ ತಂಪು. ಮೊದಲ ಅಂದಾಜು ಮೈನಸ್ 48ರಿಂದ ಮೈನಸ್ 13 ಡಿಗ್ರಿ ಸೆಲ್ಸಿಯಸ್. ಈಚೆಗೆ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಮಾಹಿತಿಯಿಂದ ಬಂದ ಲೆಕ್ಕ ಅದನ್ನು ಸೊನ್ನೆಗಿಂತ ತುಸು ಮೇಲಕ್ಕೆ ಏರಿಸಿದೆ. ಇಷ್ಟು ಕ್ಷೀಣ ಶಾಖವನ್ನು ಹಿಡಿಯಬೇಕಾದರೆ ದೂರದರ್ಶಕವೇ ಅದಕ್ಕಿಂತ ತಣ್ಣಗಿರಬೇಕು, ಇಲ್ಲದಿದ್ದರೆ ತನ್ನದೇ ಝಳದಲ್ಲಿ ಕುರುಡಾಗುತ್ತದೆ. ಅದಕ್ಕಾಗಿಯೇ ವೈಸ್ ಎಂಬ ಅವಕೆಂಪು ಉಪಗ್ರಹದ ಉಪಕರಣವನ್ನು ಗಟ್ಟಿಗಟ್ಟಿಸಿದ ಹೈಡ್ರೋಜನ್‌ನಿಂದ ತಂಪಾಗಿಟ್ಟಿದ್ದರು. ಜೇಮ್ಸ್ ವೆಬ್ ಸೂರ್ಯನಿಗೆ ಪರದೆ ಹಿಡಿದು ಮೈನಸ್ 230 ಡಿಗ್ರಿಯ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ.

ಕಂಡದ್ದು ಹತ್ತಿರದ್ದೇ ಎಂದು ತಿಳಿಯುವುದು ಚಲನೆಯಿಂದ. ಅಮೆರಿಕದ ಖಗೋಳ ವಿಜ್ಞಾನಿ ಕೆವಿನ್ ಲೂಮನ್ ವೈಸ್ ಮತ್ತು ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳನ್ನು ಹೋಲಿಸಿದಾಗ ಈ ಚುಕ್ಕೆ ವರ್ಷಕ್ಕೆ 8.1 ಆರ್ಕ್‌ಸೆಕೆಂಡ್ ಸರಿಯುತ್ತಿತ್ತು. ಆ ವೇಗದಲ್ಲಿ ಚಂದ್ರಬಿಂಬದ ಅಗಲ ದಾಟಲು ಸುಮಾರು 220 ವರ್ಷ ಬೇಕು. ನಿಧಾನ ಎನಿಸಬಹುದು, ತಾರೆಗಳ ಲೋಕದಲ್ಲಿ ಇದು ಓಟವೇ. ಭೂಮಿ ಸೂರ್ಯನ ಈಚೆ ಆಚೆ ಹೋದಂತೆ ಚುಕ್ಕೆ ಕೊಂಚ ತೂಗಾಡುತ್ತದೆ. ಆ ತೂಗಾಟ ಅಳೆದರೆ ದೂರ ಸಿಕ್ಕಿತು.

ತೂಕದ ಪ್ರಶ್ನೆ ಕಷ್ಟದ್ದು, ನನಗಂತೂ ಎಲ್ಲಕ್ಕಿಂತ ಇಷ್ಟದ್ದು. ಸುತ್ತುವ ಸಂಗಾತಿ ಕಂಡಿಲ್ಲವಾದ್ದರಿಂದ ಗುರುತ್ವ ಬಳಸಿ ತೂಗುವಂತಿಲ್ಲ. ಗುರುಗ್ರಹದ 3ರಿಂದ 10 ಪಟ್ಟು ಎಂಬುದು ತಾಪ ಮತ್ತು ವಯಸ್ಸಿನ ಲೆಕ್ಕದಿಂದ ಬಂದ ಅಂದಾಜು. ಅದಕ್ಕೆ ಪುಷ್ಟಿ ಸಿಕ್ಕದ್ದು ರೋಹಿತದಿಂದ, ಅಂದರೆ ಬೆಳಕನ್ನು ಬಿಡಿಸಿ ನೋಡುವುದರಿಂದ. ಜೇಮ್ಸ್ ವೆಬ್ ಅಲ್ಲಿ ನೀರಾವಿ, ಮೀಥೇನ್, ಅಮೋನಿಯಾ ಜೊತೆಗೆ ಡ್ಯೂಟೀರಿಯಂ (ಭಾರ ಹೈಡ್ರೋಜನ್) ಇರುವ ಮೀಥೇನನ್ನೂ ಗುರುತಿಸಿತು. ಗುರುವಿನ 13 ಪಟ್ಟು ದಾಟಿದ ಕಾಯ ತನ್ನ ಡ್ಯೂಟೀರಿಯಂ ಸುಟ್ಟು ಮುಗಿಸುತ್ತದೆ. ಇಲ್ಲಿ ಅದಿನ್ನೂ ಉಳಿದಿದೆ.

ವೈಸ್ ಚಿತ್ರಗಳು ಯಾರಿಗೂ ಉಚಿತ. 2017ರಲ್ಲಿ ಶುರುವಾದ ಬ್ಯಾಕ್‌ಯಾರ್ಡ್ ವರ್ಲ್ಡ್ಸ್ ಯೋಜನೆಯಲ್ಲಿ ಸಾಮಾನ್ಯ ಜನ ಅವನ್ನು ಜಾಲಾಡಿ ಹೊಸ ಕಂದು ಕುಬ್ಜಗಳನ್ನು ಹೆಕ್ಕಿದ್ದಾರೆ. ಬೀದರ, ಯಾದಗಿರಿಯ ಮಕ್ಕಳೂ ಮೊಬೈಲಿನಲ್ಲೇ ಶುರು ಮಾಡಬಹುದು. 4.6 ಮೈಕ್ರಾನ್ ತರಂಗಾಂತರದ ಅವಕೆಂಪಿನಲ್ಲಿ ಬೆಳಗಿ, 3.4ರಲ್ಲಿ ಮೀಥೇನ್ ನುಂಗಿದ್ದರಿಂದ ಮಂಕಾಗಿರುವ, ವರ್ಷದಿಂದ ವರ್ಷಕ್ಕೆ ಒಂದೇ ದಿಕ್ಕಿಗೆ ಸರಿಯುವ ಚುಕ್ಕೆಯನ್ನು ಹುಡುಕಿ. ಒಂದೆರಡು ಚಿತ್ರದಲ್ಲಿ ಮಿಂಚಿ ಮಾಯವಾದರೆ ಅದನ್ನು ಬಿಡಿ, ಮುಂದಿನ ತುಣುಕಿಗೆ ಹೋಗಿ.